ಪುಸ್ತಕ ಹೇಳಿದ ಸುಳ್ಳು, ಅಜ್ಜಿ ಹೇಳಿದ ನಿಜ

1998ರಲ್ಲಿ ನಾನು ಎರಡನೇ ಪಿಯುಸಿ ಓದುತ್ತಿದ್ದೆ. ಹೊಸದುರ್ಗ ತಾಲ್ಲೂಕಿನ ನಮ್ಮೂರಿನಲ್ಲಿ ಅವ್ವನೂ ಸೇರಿ 16 ಹೆಂಗಸರು ಸ್ವಸಹಾಯ ಸಂಘ ಕಟ್ಟಿಕೊಂಡಿದ್ದರು. ಪ್ರತಿ ಸೋಮವಾರ ರಾತ್ರಿ ಗುಡಿಯ ಜಗಲಿಯ ಮೇಲೆ ಸಭೆ. ತಲೆಗೆ 10 ರೂಪಾಯಿ ಉಳಿತಾಯ. ಸರಾಗವಾಗಿ ಬರೆಯಬಲ್ಲವರು ಅವರಲ್ಲಿ ಯಾರೂ ಇರಲಿಲ್ಲ. 'ಓದಿದ ಮಗ' ಎಂಬ ಹೆಮ್ಮೆಯಿಂದ ಅವ್ವ ಲೆಕ್ಕದ ಪುಸ್ತಕವನ್ನು ನನ್ನ ಕೊರಳಿಗೆ ಕಟ್ಟಿದಳು.

ಇಂಥ ಸಂಘಗಳಿಗೆ ಬ್ಯಾಂಕುಗಳಿಂದ ಸಾಲ ಕೊಡಿಸುವ ಯೋಜನೆಯನ್ನು ನಬಾರ್ಡ್ 1992ರಲ್ಲಿ 500 ಸಂಘಗಳ ಗುರಿಯಿಟ್ಟು ಪ್ರಾಯೋಗಿಕವಾಗಿ ಆರಂಭಿಸಿತ್ತು. ಪಹಣಿ ಬೇಡ, ಒಡವೆ ಬೇಡ, ಜಾಮೀನುದಾರನೂ ಬೇಡ. ಹಾಗೆಂದು ಅರ್ಹತೆಯೇ ಬೇಡವೆಂದಲ್ಲ. ಸಂಘದಲ್ಲಿ 10ರಿಂದ 20 ಜನ ಇರಬೇಕು. (20 ದಾಟಿದರೆ ಆಗಿನ 1956ರ ಕಂಪನಿ ಕಾಯ್ದೆಯಂತೆ ನೋಂದಣಿಯ ತೊಡಕು.) ಕನಿಷ್ಠ ಆರು ತಿಂಗಳಾದರೂ ಸಂಘ ಚೆನ್ನಾಗಿ ನಡೆದಿರಬೇಕು. ತಪ್ಪದೆ ಸಭೆ, ತಪ್ಪದೆ ಉಳಿತಾಯ, ತಮ್ಮತಮ್ಮಲ್ಲೇ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ ಇವು ಐದೂ ಇದ್ದರೆ ಉಳಿತಾಯದ ಒಂದರಿಂದ ನಾಲ್ಕು ಪಟ್ಟಿನವರೆಗೆ ಸಾಲ.

ನಮ್ಮ ಸಂಘಕ್ಕೆ ಆರು ತಿಂಗಳು ತುಂಬುವ ಹೊತ್ತಿಗೆ ರಾಗಿ ಕೊಯ್ಲು ಬಂತು. ಮೂರು ಸೋಮವಾರ ಸಭೆ ಸೇರಲಿಲ್ಲ. ನಾಲ್ಕನೆಯ ವಾರ ಎಲ್ಲರೂ ಬಾಕಿ ಹಣವನ್ನು ಒಟ್ಟಿಗೇ ಕಟ್ಟಿದರು. ಹಣ ಸರಿಯಿತ್ತು. ಪುಸ್ತಕದಲ್ಲಿ ಮೂರು ಸಭೆಗಳ ಜಾಗ ಖಾಲಿ ಇತ್ತು. ನಾನು ಒಂದು ಭಾನುವಾರ ಕುಳಿತು, 'ಎಲ್ಲರೂ ಹಾಜರು, ಉಳಿತಾಯದ ಬಗ್ಗೆ ಚರ್ಚಿಸಲಾಯಿತು' ಎಂದು ಮೂರು ಸಲ ಬರೆದೆ. ಉಪಕಾರ ಮಾಡಿದೆನೆಂದೇ ನಂಬಿದ್ದೆ.

ಬ್ಯಾಂಕಿನ ಮ್ಯಾನೇಜರು ಬಂದರು. ಪುಟ ತಿರುವಿ, ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯನ್ನು ಕೇಳಿದರು: "ಈ ವಾರ ಏನು ಮಾತಾಡಿದಿರಿ ಅಜ್ಜೀ?"

"ಆ ವಾರ ಎಲ್ಲಿ ಸೇರಿದ್ವಿ ಸ್ವಾಮೀ? ಎಲ್ಲರೂ ಹೊಲದಾಗೇ ಇದ್ವಿ."

ನನ್ನ ಮುಖ ಬಾಡಿತು. ಮ್ಯಾನೇಜರು ಗದರಲಿಲ್ಲ. "ಅಜ್ಜಿ ನಿಜ ಹೇಳುತ್ತಾರೆ, ಪುಸ್ತಕ ಸುಳ್ಳು ಹೇಳುತ್ತೆ. ಮೂರು ತಿಂಗಳು ಬಿಟ್ಟು ಬರುತ್ತೇನೆ" ಎಂದು ಎದ್ದು ಹೋದರು.

ಆ ಮೂರು ತಿಂಗಳ ಬೆಲೆ ತೆತ್ತದ್ದು ನಾನಲ್ಲ, ಪಕ್ಕದ ಮನೆಯ ಅಕ್ಕ. ಆಕಳು ಕೊಳ್ಳಲು ಮಾತಾಡಿಟ್ಟಿದ್ದ ಆಕೆ, ಬೇರೆ ದಾರಿ ಕಾಣದೆ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಗೆ 2,000 ತಂದಳು. ಬಡ್ಡಿಯೇ 300 ರೂಪಾಯಿ. ಆಕೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಮುಂದಿನ ಸೋಮವಾರ ತಲೆ ತಗ್ಗಿಸಿ ಜಗಲಿಗೆ ಹೋದೆ. ಪುಸ್ತಕ ಕಿತ್ತುಕೊಳ್ಳುತ್ತಾರೆಂದುಕೊಂಡಿದ್ದೆ. ಅಜ್ಜಿ, "ಬರೆಯೋದು ನೀನೇ ಬರಿಯಪ್ಪಾ. ಬರೆದದ್ದನ್ನ ನಮಗೆಲ್ಲ ಓದಿ ಹೇಳಿ ಆಮೇಲೆ ಮುಚ್ಚು" ಎಂದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಕೇಳುತ್ತ ಕೇಳುತ್ತ ಅವರು ಲೆಕ್ಕ ಕಲಿತರು. ಹೆಬ್ಬೆಟ್ಟು ಒತ್ತುತ್ತಿದ್ದ ನಾಲ್ವರು ರುಜು ಹಾಕತೊಡಗಿದರು. ಸಭೆ ನಡೆಯದ ವಾರ 'ಸಭೆ ನಡೆಯಲಿಲ್ಲ' ಎಂದೇ ಬರೆದೆವು.

ಮ್ಯಾನೇಜರು ಹೇಳಿದಂತೆ ಬಂದರು. ಈ ಸಲ ಪ್ರಶ್ನೆಗಳಿಗೆ ಉತ್ತರಿಸಿದವರು ಹೆಂಗಸರು, ನಾನು ಹಿಂದೆ ನಿಂತಿದ್ದೆ. ಸಾಲ ಮಂಜೂರಾಯಿತು. ಮೊದಲ ಸಾಲ ಯಾರಿಗೆ ಎಂಬ ಪ್ರಶ್ನೆಯೇ ಏಳಲಿಲ್ಲ. ಪಕ್ಕದ ಮನೆಯ ಅಕ್ಕ ಬಡ್ಡಿಯವನ ಬಾಕಿ ತೀರಿಸಿ ಬಂದಳು.

ಈಗ ನನ್ನ ಮಗಳು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾಳೆ. 'ಅರ್ಹತೆ' ಎಂಬ ಕಾಲಂ ಬಂದಾಗಲೆಲ್ಲ ನನಗೆ ಆ ಜಗಲಿ ನೆನಪಾಗುತ್ತದೆ. "ತುಂಬಿದ್ದನ್ನು ಒಮ್ಮೆ ಗಟ್ಟಿಯಾಗಿ ಓದಮ್ಮಾ" ಎನ್ನುತ್ತೇನೆ. ಅವಳಿಗೆ ಅದು ಅಪ್ಪನ ಹಳೆಯ ಚಾಳಿ. ನನಗೆ ಅದು 300 ರೂಪಾಯಿಯ ಪಾಠ, ಅದೂ ಬೇರೆಯವರ ದುಡ್ಡಿನಲ್ಲಿ ಕಲಿತದ್ದು.