ಎರಡು ದನಿ, ಒಂದು ದಾರಿ

ಊರಜಾತ್ರೆಯ ನಡುವೆ ನಿಂತು ಕಣ್ಣು ಮುಚ್ಚಿದರೆ ಎಷ್ಟು ದನಿಗಳು ಒಮ್ಮೆಗೇ ಕಿವಿಯನ್ನು ಸೇರುತ್ತವೆ! ತೇರಿನ ಮುಂದಿನ ನಾಗಸ್ವರ, ಡೊಳ್ಳಿನ ಬಡಿತ, ಬಳೆಗಾರನ ಕೂಗು, ತಾಯಿಯ ಕೈತಪ್ಪಿದ ಮಗುವಿನ ಅಳು ಎಲ್ಲವೂ ಒಂದೇ ಗಾಳಿಯಲ್ಲಿ ತೇಲಿ ಬರುತ್ತವೆ. ನಾಗಸ್ವರದ ಅಲೆಯು ಡೊಳ್ಳಿನ ಅಲೆಯನ್ನು ದಾಟಿ ಹೋಗುವುದೇ ಹೊರತು, ಡೊಳ್ಳು ಬಡಿಯುವವನ ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ಆದರೆ ವಿದ್ಯುತ್ತಿನ ರೂಪ ತಾಳಿ ತಂತಿಯಲ್ಲಿ ಹರಿಯುವ ದನಿಗಳ ಸಂಗತಿ ಬೇರೆ. ಅವುಗಳನ್ನು ಕೂಡಿಸಲು ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನನ್ನು ನಾನು ಮೊದಲು ಕಂಡುದು 1985ರಲ್ಲಿ, ನಾನು ಅಧ್ಯಾಪಕನಾಗಿದ್ದ ಶಾಲೆಯ ವಾರ್ಷಿಕೋತ್ಸವದಂದು.

ಆ ಸಂಜೆ ಹುಡುಗಿಯೊಬ್ಬಳು ಧ್ವನಿಮುದ್ರಿತ ಹಾಡಿಗೆ ನೃತ್ಯ ಮಾಡಬೇಕಾಗಿತ್ತು. ಒಂದು ತಿಂಗಳ ಕಾಲ ಅದಕ್ಕಾಗಿ ಅವಳು ದುಡಿದಿದ್ದಳು. ಬಾಡಿಗೆಗೆ ತಂದ ಟೇಪ್ ರೆಕಾರ್ಡರು ಸ್ಟೀರಿಯೋ ಮಾದರಿಯದು; ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ದನಿಗಳನ್ನು ಹೊರಗೆ ಕೊಡುತ್ತಿತ್ತು. ನಮ್ಮ ಆಂಪ್ಲಿಫೈಯರಿಗೋ ಒಂದೇ ಬಾಯಿ. ಎಡದ ತಂತಿಯನ್ನು ಸಿಕ್ಕಿಸಿದರೆ ಹಾಡು ಕೇಳಿತು, ಮೃದಂಗ ಮಾಯವಾಯಿತು. ಬಲದ್ದನ್ನು ಸಿಕ್ಕಿಸಿದರೆ ಮೃದಂಗ ಬಂತು, ಹಾಡು ಹೋಯಿತು. ಲಯ ಕಾಣದೆ ಹುಡುಗಿಯ ಹೆಜ್ಜೆ ತಡವರಿಸಿತು. ಅವಳ ಕಣ್ಣಂಚಿನಲ್ಲಿ ನೀರಾಡಿತು.

ಸುದ್ದಿ ತಿಳಿದು, ಸಂತೆಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ತಮ್ಮ ಚೀಲದೊಡನೆ ಬಂದರು. “ಎರಡು ತಂತಿಗಳನ್ನೂ ಸೇರಿಸಿ ಹೊಸೆದುಬಿಟ್ಟರೆ ಆಯಿತಲ್ಲವೇ?” ಎಂದು ಯಾರೋ ಕೇಳಿದರು. ಅವರು ನಕ್ಕು ನನ್ನತ್ತ ತಿರುಗಿ, “ಮೇಷ್ಟ್ರೇ, ಒಂದು ದನಿಯನ್ನು ಎರಡು ಕಡೆಗೆ ಹಂಚಲು ತಂತಿ ಸಾಕು. ಎರಡನ್ನು ಒಂದು ಕಡೆಗೆ ತರಬೇಕಾದರೆ ತಂತಿ ಸಾಲದು” ಎಂದರು. ಚೀಲದಿಂದ ಭತ್ತದ ಕಾಳಿಗಿಂತ ತುಸು ದೊಡ್ಡದಾದ ಎರಡು ರೋಧಕಗಳನ್ನು ತೆಗೆದರು. ಅವುಗಳ ಮೈಮೇಲೆ ಕಂದು, ಕಪ್ಪು, ಕಿತ್ತಳೆ ಬಣ್ಣದ ಪಟ್ಟೆಗಳಿದ್ದವು. ಹತ್ತು ಸಾವಿರ ಓಮ್ ಎಂಬುದನ್ನು ಆ ಬಣ್ಣಗಳೇ ಹೇಳುತ್ತವೆ. ಎಡದ ತಂತಿಗೊಂದು, ಬಲದ ತಂತಿಗೊಂದು ರೋಧಕವನ್ನು ಬೆಸೆದು, ಅವುಗಳ ಇನ್ನೊಂದು ತುದಿಗಳನ್ನು ಕೂಡಿಸಿ ಆಂಪ್ಲಿಫೈಯರಿಗೆ ಒಯ್ದರು.

ತಂತಿಗಳನ್ನು ನೇರವಾಗಿ ಹೊಸೆದಿದ್ದರೆ ಏನಾಗುತ್ತಿತ್ತು? ದನಿ ಹೊರಡುವ ಬಾಗಿಲಿನಲ್ಲಿ ರೋಧ ಬಹಳ ಕಡಿಮೆ. ಅದು 100 ಓಮ್ ಎಂದು ಭಾವಿಸಿರಿ. ಒಂದು ಕಡೆ 1 ವೋಲ್ಟ್ ಇದ್ದು, ಇನ್ನೊಂದು ಕಡೆ ಆ ಕ್ಷಣ ಮೌನವಾಗಿದ್ದರೆ, ದನಿಯು ಆಂಪ್ಲಿಫೈಯರನ್ನು ಬಿಟ್ಟು ಎದುರಿನ ಬಾಗಿಲಿಗೇ ನುಗ್ಗುತ್ತದೆ. ಹರಿಯುವ ಪ್ರವಾಹ 5 ಮಿಲಿಆಂಪಿಯರ್. ಒಂದರ ಭಾರವನ್ನು ಇನ್ನೊಂದು ಹೊತ್ತು ಎರಡೂ ಬಳಲುತ್ತವೆ, ದನಿ ಒಡೆಯುತ್ತದೆ. ನಡುವೆ ಹತ್ತು ಸಾವಿರ ಓಮಿನ ಎರಡು ತಡೆಗಳಿದ್ದರೆ ಅದೇ ಪ್ರವಾಹ ಸುಮಾರು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆಗ ಎರಡೂ ನಿರಾಳ.

ಈ ಸಂಧಿಗೆ ತೆರಬೇಕಾದ ಬೆಲೆಯೊಂದುಂಟು. ಕೂಡುವೆಡೆಯಲ್ಲಿ ಸಿಗುವುದು ಎರಡರ ಮೊತ್ತವಲ್ಲ, ಮೊತ್ತದ ಅರ್ಧ. ಒಂದು ಕಡೆ 1 ವೋಲ್ಟ್, ಇನ್ನೊಂದು ಕಡೆ 0.4 ವೋಲ್ಟ್ ಇದ್ದರೆ ಅಲ್ಲಿ ದೊರೆಯುವುದು 0.7 ವೋಲ್ಟ್. ಮೂರು ದನಿಗಳನ್ನು ಹೀಗೆಯೇ ಕೂಡಿಸಿದರೆ ಮೂರನೆಯ ಒಂದು ಪಾಲು. ರೋಧಕಕ್ಕೆ ತನ್ನದೆಂಬ ಶಕ್ತಿಯಿಲ್ಲ. ಅದು ಏನನ್ನೂ ಹೆಚ್ಚಿಸಲಾರದು. ಕುಗ್ಗಿದ್ದನ್ನು ಮತ್ತೆ ಹಿಗ್ಗಿಸುವ ಕೆಲಸ ಆಂಪ್ಲಿಫೈಯರಿನದು. ಹಿರಿಯರು ಅದರ ಗುಂಡಿಯನ್ನು ತುಸು ತಿರುಗಿಸಿದರು. ಹಾಡೂ ಮೃದಂಗವೂ ಜೊತೆಯಾಗಿ ಮೊಳಗಿದವು.

ಆದರೆ ಮೃದಂಗದ ಅಬ್ಬರದಲ್ಲಿ ಹಾಡಿನ ನುಡಿ ಮುಳುಗುತ್ತಿತ್ತು. ಅವರು ಮೃದಂಗದ ಕಡೆಯ ರೋಧಕವನ್ನು ಕಿತ್ತು, ಇಪ್ಪತ್ತೆರಡು ಸಾವಿರ ಓಮಿನದನ್ನು ಬೆಸೆದರು. “ದನಿ ದೊಡ್ಡದಾದವನಿಗೆ ತಡೆಯೂ ದೊಡ್ಡದಿರಲಿ” ಎಂದರು. ತೂಕ ಸರಿಹೋಯಿತು. ಹುಡುಗಿಯ ಗೆಜ್ಜೆ ತಾಳಕ್ಕೆ ಸರಿಯಾಗಿ ನುಡಿಯಿತು.

ಈ ಲೆಕ್ಕಕ್ಕೆಲ್ಲ ಆಧಾರವಾದ ನಿಯಮವನ್ನು ಕಂಡವರು ಜರ್ಮನಿಯ ಜಾರ್ಜ್ ಸೈಮನ್ ಓಮ್. ಕೊಲೋನ್ ನಗರದ ಶಾಲೆಯೊಂದರಲ್ಲಿ ಅವರು ಉಪಾಧ್ಯಾಯರಾಗಿದ್ದರು. 1827ರಲ್ಲಿ ಅವರ ಗ್ರಂಥ ಪ್ರಕಟವಾದಾಗ ಸ್ವದೇಶದ ವಿದ್ವಾಂಸರು ಅದನ್ನು ಆದರಿಸಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕವನ್ನಿತ್ತು ಗೌರವಿಸಿದ್ದು 1841ರಲ್ಲಿ. ಇಂದು ರೋಧವನ್ನು ಅಳೆಯುವವರೆಲ್ಲರೂ ಆ ಉಪಾಧ್ಯಾಯರ ಹೆಸರನ್ನೇ ಉಚ್ಚರಿಸುತ್ತಾರೆ.

ತಡೆ ಎಂಬ ಮಾತು ನಮ್ಮ ಕಿವಿಗೆ ಹಿತವಾದುದಲ್ಲ. ತಡೆಯೆಂದರೆ ವಿಘ್ನ, ತಡೆಯೆಂದರೆ ವಿಳಂಬ ಎಂದೇ ನಾವು ಬಗೆಯುತ್ತೇವೆ. ಆದರೆ ಎರಡು ದನಿಗಳು ಒಂದೇ ದಾರಿಯಲ್ಲಿ ನಡೆಯಬೇಕಾದಾಗ, ಒಂದು ಇನ್ನೊಂದನ್ನು ನುಂಗದಂತೆ ಕಾಯುವುದು ಆ ತಡೆಯೇ. ಕೂಡಿ ಬಾಳುವ ಮನೆಯಲ್ಲಿ, ಹತ್ತು ಜನ ಕುಳಿತ ಸಭೆಯಲ್ಲಿ ಮಾತನಾಡುವವರು ತಮ್ಮ ದನಿಯನ್ನು ತಾವೇ ತುಸು ತಗ್ಗಿಸಿಕೊಳ್ಳುತ್ತಾರೆ. ಅದು ಸೋಲಲ್ಲ. ಹಾಗೆ ತಗ್ಗಿದಾಗಲೇ ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತದೆ.