ಕೈಗೆ ಸಿಗದ ಗಂಟು

ನಮ್ಮ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕೆಂದು ಬರುವ ನೆಂಟರನ್ನು ಎಲೆ ಅಡಿಕೆ ಕೊಡದೆ ಕಳಿಸುವುದುಂಟೆ? ಆದರೆ ಊಟದ ಮೇಲಿನ ತಾಂಬೂಲ ಬೇರೆ, ದಿನವಿಡೀ ಹೊಗೆಸೊಪ್ಪನ್ನು ದವಡೆಗೆ ಒತ್ತರಿಸಿಕೊಳ್ಳುವ ಚಟ ಬೇರೆ. ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ.

ನನ್ನ ಓರಗಿತ್ತಿಯ ಕೆನ್ನೆಯೊಳಗೆ ಎದ್ದ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ. ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನ ಡಾಕ್ಟರು, "ಹುಣ್ಣಿನ ಜೊತೆಗೇ ಕತ್ತಿನ ಗ್ರಂಥಿಗಳನ್ನೂ ತೆಗೀಬೇಕು" ಅಂದರು. ಮನೆಯಲ್ಲಿ ಒಂದೇ ರಾದ್ಧಾಂತ. "ಹುಣ್ಣಿರೋದು ಬಾಯಲ್ಲಿ, ಕತ್ತು ಯಾಕೆ ಕೊಯ್ಸಬೇಕು? ಮುಟ್ಟಿದ್ರೆ ಒಂದು ಗಂಟೂ ಇಲ್ಲ, ಸ್ಕ್ಯಾನಿಂಗ್‌ನಲ್ಲೂ ಏನೂ ಇಲ್ಲ" ಅಂತ ಹಿರಿಯರ ವಾದ. ತಾಳಿ ಕಟ್ಟಿದ ಕತ್ತಿಗೆ ಕತ್ತರಿಯೇ ಅಂತ ಅವಳ ಕಣ್ಣೀರು.

ಡಾಕ್ಟರು ಬೇಸರಿಸದೆ ಬಿಡಿಸಿ ಹೇಳಿದರು. ಕತ್ತಿನ ಗ್ರಂಥಿಗಳು ಕಾಫಿ ಸೋಸುವ ಬಟ್ಟೆ ಇದ್ದ ಹಾಗೆ. ಬಾಯಿಯಿಂದ ಹರಿದು ಬರುವ ಕ್ಯಾನ್ಸರ್ ಕಣ ಮೊದಲು ನಿಲ್ಲುವುದು ಅಲ್ಲೇ. ಎಳ್ಳುಕಾಳಿಗಿಂತ ಸಣ್ಣದಾಗಿದ್ದರೆ ಬೆರಳಿಗೂ ಸಿಗದು, ಸ್ಕ್ಯಾನಿಂಗ್‌ಗೂ ಕಾಣದು. ಕತ್ತು ಚೆನ್ನಾಗಿದೆ ಅಂತ ಕಂಡವರಲ್ಲೂ ನೂರಕ್ಕೆ 20-30 ಜನರಿಗೆ ಅದು ಒಳಗೆ ಅಡಗಿರುತ್ತದಂತೆ. ಹುಣ್ಣು ಆಳಕ್ಕಿಳಿದಷ್ಟೂ ಈ ಭಯ ಹೆಚ್ಚು.

ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದನ್ನೇ 500 ರೋಗಿಗಳಲ್ಲಿ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಮಂದಿ ಬದುಕಿದ್ದರು. ಗಂಟು ಕಾಣಿಸಲಿ ಅಂತ ಕಾದವರಲ್ಲಿ 67.5. ಈ ಲೆಕ್ಕ ಕೇಳಿ ನಮ್ಮ ಮಾವನವರೇ "ಮಾಡಿಸಿಬಿಡಿ" ಅಂದರು.

ಆಪರೇಷನ್ ಆಯಿತು. ತೆಗೆದ ಗ್ರಂಥಿಗಳಲ್ಲಿ ಒಂದರೊಳಗೆ ಮೈಕ್ರೋಸ್ಕೋಪಿನಲ್ಲಿ ಮಾತ್ರ ಕಾಣುವಷ್ಟು ಚುಕ್ಕೆ ಸಿಕ್ಕಿತು! ಮುಂದಿನ ಚಿಕಿತ್ಸೆ ನಿರ್ಧಾರವಾದದ್ದೂ ಆ ವರದಿಯಿಂದಲೇ. ತಿಂಗಳುಗಟ್ಟಲೆ ಭುಜ ಬಿಗಿದು, ಕೈಯೆತ್ತಿ ಜಡೆ ಹಾಕಿಕೊಳ್ಳಲಾಗುತ್ತಿರಲಿಲ್ಲ. ದಿನಾ ವ್ಯಾಯಾಮ ಮಾಡಿ ಈಗ ರಾಗಿಮುದ್ದೆ ತಿರುವುತ್ತಾಳೆ. ಕಲೆಯನ್ನು ಸೆರಗು ಮುಚ್ಚುತ್ತದೆ.

ಸೋದರಿಯರೇ, ಹಲ್ಲುಜ್ಜಿದ ಮೇಲೆ ಕನ್ನಡಿ ಹಿಡಿದು ಬಾಯೊಳಗೆ ನೋಡಿಕೊಳ್ಳಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದರೆ ತಡಮಾಡದೆ ತೋರಿಸಿ. 1973ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಡಾಕ್ಟರು ಕತ್ತಿನ ಮಾತೆತ್ತಿದರೆ ಹೆದರಿ ಎದ್ದು ಬರಬೇಡಿ. ಯಾಕೆ ಅಂತ ಕೂತು ಕೇಳಿ.