ಅಪ್ಪನ ಪೇಟಿ, ಅವ್ವನ ಹಾಡು

ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಟಿವಿ ಬಂದ್ ಆಗುತ್ತದೆ. ಕ್ರಿಕೆಟ್ ಮ್ಯಾಚ್‌ನ ಕೊನೆಯ ಓವರ್ ಇದ್ದರೂ ಅಷ್ಟೇ, ಮನೆಗೆ ಬೀಗರು ಬಂದಿದ್ದರೂ ಅಷ್ಟೇ. ಚಾಪೆ ಹಾಸಿ ಕೂತು ಎರಡು ಹಾಡು, ಸತ್ಯವೇದದ ಒಂದು ಅಧ್ಯಾಯ, ಒಂದು ಪ್ರಾರ್ಥನೆ. ಆಮೇಲೆ ಊಟ. ಬೀದರ್‌ನ ಮೆಥೊಡಿಸ್ಟ್ ಮನೆಗಳಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವರಿದ್ದಾಗ ನನಗೂ ನನ್ನ ತಮ್ಮನಿಗೂ ಇದರಲ್ಲಿ ಇಷ್ಟವಾಗುತ್ತಿದ್ದದ್ದು ಒಂದೇ, ಅಪ್ಪನ ಪೇಟಿ.

ಪೇಟಿ ಅಂದ್ರೆ ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ಅಂತ ಪೂರ್ತಿ ಹೆಸರು ಹೇಳುವವರು ಅಂಗಡಿಯವರು ಮಾತ್ರ.

ಹೈದರಾಬಾದ್‌ನ ನನ್ನ ಆಫೀಸಿನಲ್ಲಿ ಕನ್ನಡದವರು ಸಿಕ್ಕಾಗ ಮೊದಲ ಪ್ರಶ್ನೆ, "ಬೀದರ್‌ನಲ್ಲಿ ಕ್ರಿಶ್ಚಿಯನ್ಸ್ ಇದ್ದಾರಾ? ನೀವು ಮೂಲ ಮಂಗಳೂರಿನವರಾ?" ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ನಿಜಾಮರ ಸೀಮೆಗೆ ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಬಂದರು. ಆಸ್ಪತ್ರೆ, ಶಾಲೆ, ಹಳ್ಳಿಗಳಲ್ಲಿ ಸಣ್ಣ ಸಣ್ಣ ಚರ್ಚ್ ಕಟ್ಟಿದರು. ನಮ್ಮ ಮುತ್ಯಾನ ಅಪ್ಪ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೀಕ್ಷಾಸ್ನಾನ ತಗೊಂಡವರು. ಅವ್ವನ ತವರು ಔರಾದ ಕಡೆ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಹಂಗಾಗಿ ನಮ್ಮ ಮನೆಯಲ್ಲಿ ಲೆಕ್ಕ ಮಾಡಿದರೆ ನಾಲ್ಕು ಭಾಷೆ: ಮಾತಾಡೋದು ಬೀದರ್ ಕನ್ನಡ, ಸತ್ಯವೇದ ಓದೋದು ಪುಸ್ತಕದ ಕನ್ನಡ, ಸಿಟ್ಟು ಬಂದ್ರೆ ಉರ್ದು ಬೆರೆಸಿದ ದಖನಿ, ಅವ್ವ ಅಕ್ಕತಂಗಿಯರ ಜತೆ ಫೋನಿನಲ್ಲಿ ಮಾತಾಡೋದು ಮರಾಠಿ.

ಹಾಡು ಮಾತ್ರ ಕನ್ನಡದಲ್ಲೇ ಇತ್ತು. ಯಾಕಂದ್ರೆ ಪೇಟಿ ಅಪ್ಪನದು.

ಅಪ್ಪ ಸರ್ಕಾರಿ ಪ್ರಾಥಮಿಕ ಶಾಲೆಯ ಮಾಸ್ತರ, ಈಗ ರಿಟೈರ್ಡ್. ಹುಡುಗರಿದ್ದಾಗ ಭಾಲ್ಕಿಯಲ್ಲಿ ಒಬ್ಬ ಪೇಟಿ ಮಾಸ್ತರರ ಹತ್ತಿರ ಕಲಿತರಂತೆ. ಆ ಮಾಸ್ತರರು ಊರ ಭಜನಾ ಮಂಡಳಿಗೂ ನಾಟಕ ಕಂಪನಿಗೂ ಬಾರಿಸುತ್ತಿದ್ದವರು, ಯೇಸುವಿನ ಹಾಡಿಗೂ ಅದೇ ಪಟ್ಟು ಹಾಕಿಕೊಟ್ಟರು. ಅದಕ್ಕೇ ಇರಬೇಕು, ಅಪ್ಪ ನುಡಿಸುವ ಕ್ರಿಸ್‌ಮಸ್ ಹಾಡುಗಳಲ್ಲಿ ಎಲ್ಲೋ ಒಂದು ಕಡೆ ರಂಗಗೀತೆಯ ತಿರುವು ಬರುತ್ತದೆ. ಡಿಸೆಂಬರ್ ಚಳಿಯಲ್ಲಿ (ಬೀದರ್ ಚಳಿ ಗೊತ್ತಲ್ಲ, ರಾಜ್ಯದ ಕನಿಷ್ಠ ತಾಪಮಾನದ ಸುದ್ದಿಯಲ್ಲಿ ಎಷ್ಟೋ ಸಲ ನಮ್ಮೂರೇ ಇರುತ್ತದೆ) ಪೇಟಿಗೆ ಅವ್ವನ ಹಳೆ ಸೀರೆ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡು ಮನೆಮನೆಗೆ ಕ್ಯಾರೋಲ್ಸ್ ಹೋಗುತ್ತಿದ್ದರು. ಹಿಂದೆ ಒಂದು ಢೋಲಕ್, ಅದರ ಹಿಂದೆ ನಾವು ಹುಡುಗರ ದಂಡು. ನಮ್ಮ ಗಮನವೆಲ್ಲ ಯಾರ ಮನೆಯಲ್ಲಿ ಕರ್ಜಿಕಾಯಿ, ಯಾರ ಮನೆಯಲ್ಲಿ ಬರೀ ಚಹಾ ಅನ್ನೋದರ ಮೇಲೆ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಎದ್ದಾಗ ಎಡಗೈ ಏಳಲಿಲ್ಲ, ಬಾಯಿ ಒಂದು ಕಡೆ ಜೋತಿತ್ತು. ಸ್ಟ್ರೋಕ್ ಆದ ನಾಲ್ಕೂವರೆ ಗಂಟೆಯೊಳಗೆ ಕೊಡುವ ಇಂಜೆಕ್ಷನ್ ಒಂದಿದೆ, ರಕ್ತದ ಗಡ್ಡೆ ಕರಗಿಸೋದು. ಆದರೆ ನಿದ್ದೆಯಲ್ಲಿ ಆದ್ದರಿಂದ ಯಾವಾಗ ಶುರುವಾಯಿತು ಅಂತ ಯಾರಿಗೂ ಹೇಳಲು ಬರಲಿಲ್ಲ. ಇದನ್ನ ಓದುವ ನಿಮ್ಮ ಮನೆಯಲ್ಲೂ ಬಿಪಿ ಇರುವ ಹಿರಿಯರಿದ್ದರೆ ಇಷ್ಟು ನೆನಪಿಡಿ: ಮುಖ ಸೊಟ್ಟಗಾದರೆ, ಕೈ ಎತ್ತಲು ಬರದಿದ್ದರೆ, ಮಾತು ತೊದಲಿದರೆ, ಗಡಿಯಾರ ನೋಡಿ ಟೈಮ್ ಬರೆದುಕೊಂಡು ಸೀದಾ ಆಸ್ಪತ್ರೆಗೆ.

ಎಡಗಾಲು ಮೂರು ತಿಂಗಳಲ್ಲಿ ಅಷ್ಟಿಷ್ಟು ಬಂತು, ಕೋಲು ಹಿಡಿದು ಓಡಾಡುತ್ತಾರೆ. ಮಾತು ತಿರುಗಿತು. ಎಡಗೈ ಮಾತ್ರ ಬರಲಿಲ್ಲ.

ಆ ದಿನಗಳಲ್ಲಿ ಮನೆಗೆ ಬಂದವರು ಎಷ್ಟು ಮಂದಿ ಅಂತ ಲೆಕ್ಕವಿಲ್ಲ. ಪ್ರತಿಯೊಬ್ಬರೂ ಪ್ರಾರ್ಥನೆ ಮಾಡಿಯೇ ಹೋದರು, ಅದು ನಮ್ಮಲ್ಲಿ ಪದ್ಧತಿ. ಅನ್ನ, ಸಾರು ತಂದುಕೊಟ್ಟವರಲ್ಲಿ ಪಕ್ಕದ ಲಿಂಗಾಯತರ ಮನೆಯವರು, ಎದುರಿನ ಮುಸ್ಲಿಮರ ಮನೆಯವರು ಎಲ್ಲರೂ ಇದ್ದರು. ಆದರೆ ಕೆಲವು ನೆಂಟರು ಕಾರಣವನ್ನೂ ಹೇಳಿ ಹೋದರು. ಒಬ್ಬರಿಗೆ ಇದು ದೇವರ ಪರೀಕ್ಷೆ. ಇನ್ನೊಬ್ಬರು ಮನೆಯಲ್ಲಿ ಏನೋ ಪಾಪ ಮುಚ್ಚಿಟ್ಟಿರಬೇಕು, ಒಪ್ಪಿಕೊಂಡರೆ ಕೈ ಬರ್ತದೆ ಅಂದರು. ಹಾಸಿಗೆ ಮೇಲೆ ಮಲಗಿದ ಮನುಷ್ಯನಿಗೆ ಎಲ್ಲ ಕೇಳಿಸುತ್ತದೆ ಅನ್ನೋದನ್ನ ಇಂಥವರು ಯಾಕೆ ಮರೆಯುತ್ತಾರೋ. ಯೋಬನ ಪುಸ್ತಕ ಓದಿದವರೇ ಯೋಬನ ಗೆಳೆಯರ ಹಂಗೆ ಮಾತಾಡಿದರೆ ಏನು ಹೇಳೋದು?

ಅಪ್ಪ ಯಾರಿಗೂ ಎದುರು ಮಾತಾಡಲಿಲ್ಲ. ಪ್ರಾರ್ಥನೆ ಮಾಡುವುದನ್ನ ನಿಲ್ಲಿಸಿದರು.

ರಾತ್ರಿ ಎಂಟಕ್ಕೆ ಟಿವಿ ಬಂದ್ ಆಗುತ್ತಿತ್ತು. ಅವ್ವ ಸತ್ಯವೇದ ಓದುತ್ತಿದ್ದಳು, ಅವ್ವನೇ ಪ್ರಾರ್ಥಿಸುತ್ತಿದ್ದಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. "ಆಮೆನ್" ಕೂಡ ಅನ್ನುತ್ತಿರಲಿಲ್ಲ. ನಾನು ವರ್ಕ್ ಫ್ರಂ ಹೋಮ್ ಕೇಳಿಕೊಂಡು ಬೀದರ್‌ನಲ್ಲೇ ಇದ್ದೆ. ಸಂಜೆಯ ಕಾಲ್ ಮುಗಿಸಿ ಹೊರಗೆ ಬಂದಾಗ ಆ ಹಾಡಿಲ್ಲದ ಪ್ರಾರ್ಥನೆಗೆ ಕೂರುವುದೇ ಕಷ್ಟ ಅನಿಸುತ್ತಿತ್ತು. ಸಭಾಪಾಲಕರಿಗೆ ಅವ್ವ ಹೇಳಿಕೊಂಡಳು. ಅವರು ಹೇಳಿದ್ದು ಇಷ್ಟೇ, "ಮಾಸ್ತರಿಗೆ ಒತ್ತಾಯ ಮಾಡಬ್ಯಾಡ್ರಿ ಅಮ್ಮ. ಅವರ ಪಾಲಿಂದು ನೀವೇ ಮಾಡ್ರಿ." ಒಳ್ಳೆ ಮನುಷ್ಯ.

ಪೇಟಿ ನುಡಿಸಲು ಎರಡು ಕೈ ಬೇಕು: ಬಲಗೈ ಮನೆಗಳ ಮೇಲೆ, ಎಡಗೈ ಹಿಂದಿನ ತಿದಿ ಒತ್ತಲು. ಗಾಳಿ ಒಳಗೆ ಹೋಗಿ ಹಿತ್ತಾಳೆಯ ರೀಡ್‌ಗಳನ್ನ ಅದುರಿಸಿದರೆ ಮಾತ್ರ ಸ್ವರ. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಮೂಲ ಹಾರ್ಮೋನಿಯಂಗೆ ಕಾಲಲ್ಲಿ ತುಳಿಯುವ ತಿದಿ ಇತ್ತು, ಎರಡೂ ಕೈ ಖಾಲಿ. ಕುರ್ಚಿ ಮೇಲೆ ಕೂತು ನುಡಿಸುವವರಿಗೆ ಅದು ಸರಿ. ನಮ್ಮವರು ಕೂರೋದು ನೆಲದ ಮೇಲೆ. 1875ರಲ್ಲಿ ಕಲ್ಕತ್ತಾದ ದ್ವಾರಕಾನಾಥ್ ಘೋಷ್ ಅದನ್ನ ಕೈಯಲ್ಲಿ ಒತ್ತುವ ಹಾಗೆ ಮಾಡಿದರು, ಅಲ್ಲಿಂದ ಅದು ಭಜನೆ, ಕವ್ವಾಲಿ, ನಾಟಕ, ಚರ್ಚ್ ಎಲ್ಲ ಕಡೆ ಹೋಯಿತು. ಇದಕ್ಕೆ ನಮ್ಮ ಸಂಗೀತದ ಗಮಕ ಬರೋದಿಲ್ಲ ಅಂತ 1940ರಿಂದ 1971ರವರೆಗೆ ಆಲ್ ಇಂಡಿಯಾ ರೇಡಿಯೋ ಹತ್ತಿರ ಸೇರಿಸಿರಲಿಲ್ಲ ಅನ್ನೋದು ಅಪ್ಪನಿಗೆ ಇವತ್ತಿಗೂ ಕೋಪ.

ಇಂಜಿನಿಯರ್ ತಲೆ, ಪ್ರಾಬ್ಲಮ್ ಕಂಡರೆ ಸುಮ್ಮನಿರಲ್ಲ. ಗಾಳಿ ಬೇಡದ ವಾದ್ಯ ತಂದರಾಯಿತು ಅಂತ ಒಂದು ಕ್ಯಾಸಿಯೋ ಕೀಬೋರ್ಡ್ ತರಿಸಿದೆ. ಅಪ್ಪ ಒಂದು ಹಾಡಿನ ಪಲ್ಲವಿ ನುಡಿಸಿ ನೋಡಿದರು. "ಛಲೋ ಅದ. ಆದ್ರ ಇದು ಒಂದೇ ಸಮ ಕೂಗ್ತದ" ಅಂದರು. ಪೇಟಿಯಲ್ಲಿ ಸಾಲಿನ ಕೊನೆಗೆ ದನಿ ಇಳಿಸೋದು, ಚರಣಕ್ಕೆ ಏರಿಸೋದು ಎಲ್ಲ ತಿದಿ ಒತ್ತುವ ಕೈಯಲ್ಲೇ ಇರುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಕೀಬೋರ್ಡ್ ಈಗ ಸಂಡೇ ಸ್ಕೂಲ್ ಹುಡುಗರ ಹತ್ತಿರ ಇದೆ, ಅವರಿಗೆ ಅದರಲ್ಲಿರುವ ಡ್ರಮ್ ಸೌಂಡ್ ಬಹಳ ಇಷ್ಟ.

ಜುಲೈ ತಿಂಗಳ ಒಂದು ರಾತ್ರಿ ಅವ್ವ ಏನೂ ಹೇಳದೆ ಪೇಟಿಯನ್ನ ಕಪಾಟಿನ ಮೇಲಿಂದ ಇಳಿಸಿದಳು. ಧೂಳು ಒರೆಸಿ ಅಪ್ಪನ ಮಂಚದ ಮುಂದೆ ಸ್ಟೂಲ್ ಮೇಲಿಟ್ಟಳು. ತಾನು ಅದರ ಹಿಂದೆ ಕೂತು ತಿದಿಯ ಕೊಕ್ಕೆ ಬಿಚ್ಚಿದಳು.

"ನೀವು ಬೆರಳ ಇಡ್ರಿ, ನಾ ಒತ್ತತೀನಿ."

ಮೂವತ್ತು ವರ್ಷದ ಸಂಸಾರದಲ್ಲಿ ಅವ್ವ ಪೇಟಿ ಮುಟ್ಟಿದ್ದು ಒರೆಸಲಿಕ್ಕೆ ಮಾತ್ರ. ಮೊದಲ ದಿನ ಕೇಳುವಂತಿರಲಿಲ್ಲ. ಗಾಳಿ ಒಮ್ಮೆ ಹೆಚ್ಚಾಗಿ ಚೀರುತ್ತಿತ್ತು, ಒಮ್ಮೆ ಸಾಲದೆ ಸ್ವರ ನಡುವೆಯೇ ಸಾಯುತ್ತಿತ್ತು. ಅಪ್ಪ ಐದು ತಿಂಗಳ ನಂತರ ಮೊದಲ ಬಾರಿಗೆ ಜೋರಾಗಿ ಬೈದರು.

"ಸಾವಕಾಶ ಒತ್ತ! ರೊಟ್ಟಿ ಬಡಿಲತ್ತಿದಿ ಏನು?"

"ನಿಮ್ ಬೆರಳ ನೀವ್ ನೋಡ್ಕೋರಿ. ನನ್ ಕೈ ನಾ ನೋಡ್ಕೋತೀನಿ."

ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಆ ಬೈಗುಳ ಕೇಳಿ ಎಷ್ಟು ಖುಷಿಯಾಯಿತು ಅಂದ್ರೆ ಪುಣೆಯಲ್ಲಿದ್ದ ತಮ್ಮನಿಗೆ ಫೋನ್ ಹಚ್ಚಿ ಕೇಳಿಸಿದೆ.

ಹದಿನೈದು ದಿನಕ್ಕೆ ಒಂದು ಹದ ಬಂತು. ಅವ್ವ ಅಪ್ಪನ ಬಾಯಿ ನೋಡಿಕೊಂಡು ಒತ್ತುತ್ತಾಳೆ, ಅವರು ಉಸಿರು ತಗೊಂಡಾಗ ಇವಳೂ ತಿದಿ ಬಿಡುತ್ತಾಳೆ. ಸ್ವಲ್ಪ ತಡವಾಗಿಯೇ ಬರುತ್ತದೆ ದನಿ. ಅಪ್ಪ ಅದಕ್ಕೆ ತಕ್ಕಂತೆ ಬೆರಳು ನಿಧಾನ ಮಾಡಿದ್ದಾರೆ. ಹಳೆ ಹಾಡುಗಳೆಲ್ಲ ಈಗ ನಮ್ಮ ಮನೆಯಲ್ಲಿ ವಿಲಂಬಿತದಲ್ಲಿವೆ.

ಇಷ್ಟರಲ್ಲಿ ಒಂದು ವಿಷಯ ಯಾರೂ ಗಮನಿಸಿರಲಿಲ್ಲ. ಅವ್ವನ ಹವ್ಯಾಸ ಕೌದಿ ಹೊಲಿಯೋದು. ಹಳೆ ಸೀರೆ, ಧೋತರ, ನಮ್ಮ ಶಾಲೆಯ ಯೂನಿಫಾರ್ಮ್ ಎಲ್ಲ ಅವಳ ಕೌದಿಯೊಳಗೆ ಇವೆ. ಅದಕ್ಕೆ ಅವಳಿಗೆ ಸಿಗುತ್ತಿದ್ದ ಸಮಯ ರಾತ್ರಿ ಅದೊಂದೇ. ಅಪ್ಪನಿಗೆ ಹುರುಪು ಬಂದಂತೆ ಎರಡು ಹಾಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಬಂದು ಕೇಳಿದವರೆಲ್ಲ ಅಪ್ಪನನ್ನ ಹೊಗಳಿ ಹೋದರು. ಒಂದು ದಿನ ಅವ್ವ ತಿದಿ ಮುಚ್ಚಿ ಕೊಕ್ಕೆ ಹಾಕಿಬಿಟ್ಟಳು.

"ಮೂರೇ ಹಾಡ ನೋಡ್ರಿ. ನಾಕನೇದಕ್ಕ ನಾ ಕೈ ಹಚ್ಚಂಗಿಲ್ಲ. ನನ್ ಕೌದಿ ಅರ್ಧಕ್ಕ ಬಿದ್ದದ. ಮತ್ತ ಮೂರರಾಗ ಒಂದು ನಾ ಹೇಳಿದ್ದು."

ಅಪ್ಪ ಒಪ್ಪಿದರು. ಒಪ್ಪದೆ ಗತಿಯಿರಲಿಲ್ಲ, ಅರ್ಧ ಪೇಟಿ ಅವಳ ಕೈಯಲ್ಲಿತ್ತು.

ಅವ್ವ ಹೇಳಿದ ಹಾಡು ಮರಾಠಿಯದು. ಕನ್ನಡ ಹಾಡಿನ ಪುಸ್ತಕದಲ್ಲಿ ಅದಿಲ್ಲ. ಔರಾದ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಬೀಸುವಾಗ, ಹೊಲದಲ್ಲಿ, ಕೂಟಗಳಲ್ಲಿ ಹಾಡುತ್ತಿದ್ದದ್ದಂತೆ. ಅಹಮದ್‌ನಗರದ ಕಡೆ ನಾರಾಯಣ ವಾಮನ ತಿಲಕರು ಯೇಸುವಿನ ಮೇಲೆ ಅಭಂಗ, ಭಜನೆ ಬರೆದರು, 1919ರಲ್ಲಿ ತೀರಿಕೊಂಡರು ಅಂತ ನಾನು ಓದಿದ್ದೆ. ಅವ್ವನ ಹಾಡುಗಳೂ ಅದೇ ಧಾಟಿಯವು, ಬರೆದವರ ಹೆಸರು ಮಾತ್ರ ಅವಳಿಗೆ ಗೊತ್ತಿಲ್ಲ. 1956ಕ್ಕಿಂತ ಮುಂಚೆ ಉದಗೀರ, ನಿಲಂಗಾ, ಅಹಮದಪುರ ಎಲ್ಲ ಬೀದರ್ ಜಿಲ್ಲೆಯೊಳಗೇ ಇದ್ದವು. ರಾಜ್ಯಗಳು ಬೇರೆಯಾದ ಮೇಲೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ, ಹಾಡುಗಳು ಅವರ ಜತೆ ಬಂದವು. ಒಂದು ಹಾಡಿನ ಪಲ್ಲವಿ ಮರಾಠಿ, ಚರಣ ಕನ್ನಡ. ನಡುವೆ "ಮೆಹರ್‌ಬಾನ್" ಅಂತ ಒಂದು ಪದ ಬೇರೆ.

"ಅವ್ವಾ, ನಿನಗ ಇಷ್ಟ್ ಹಾಡ ಬರ್ತಾವಂತ ಯಾವತ್ತೂ ಹೇಳೇ ಇಲ್ಲಲ್ಲ?"

"ಯಾರ್ ಕೇಳ್ಯಾರ?"

ಅಪ್ಪ ತಲೆ ಎತ್ತಲಿಲ್ಲ. ಬಲಗೈ ಬೆರಳುಗಳಿಂದ ಆ ಧಾಟಿಯನ್ನ ಹುಡುಕುತ್ತಿದ್ದರು. ಎರಡು ಸಲ ತಪ್ಪಿತು. ಮೂರನೇ ಸಲ ಸಿಕ್ಕಿತು. "ಇದು ಭೂಪ್ ಅದ" ಅಂದರು. ಅವ್ವನಿಗೆ ಭೂಪ್ ರಾಗ ಗೊತ್ತಿಲ್ಲ, "ಇರ್ಲಿ, ಹಾಡ್ರಿ" ಅಂದಳು.

ಅಪ್ಪ ಈಗಲೂ ಬಾಯಿಬಿಟ್ಟು ಪ್ರಾರ್ಥನೆ ಮಾಡೋದಿಲ್ಲ. ಸೋದರತ್ತೆಗೆ ಇದೊಂದು ಚಿಂತೆ, ಪ್ರತಿ ಫೋನಿನಲ್ಲೂ ಕೇಳುತ್ತಾಳೆ. ನನಗೆ ಆ ಚಿಂತೆ ಇಲ್ಲ. ಮೆಥೊಡಿಸ್ಟರ ಮೂಲಪುರುಷರಲ್ಲಿ ಜಾನ್ ವೆಸ್ಲಿ ಪ್ರಸಂಗ ಮಾಡಿದರು, ತಮ್ಮ ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಹಾಡು ಬರೆದರು. ಅಪ್ಪ ಚಾರ್ಲ್ಸ್ ಕಡೆಯವರು ಅಂತ ಅತ್ತೆಗೆ ಹೇಳಿ ಫೋನ್ ಇಡುತ್ತೇನೆ.

ಕಳೆದ ಡಿಸೆಂಬರ್‌ನಲ್ಲಿ ಕ್ಯಾರೋಲ್ಸ್ ತಂಡದವರು ಗಿಟಾರ್, ಕಹೋನ್ ಹಿಡಿದು ಮನೆಗೆ ಬಂದರು. ಅಪ್ಪ, ಅವ್ವ ಇಬ್ಬರೂ ಪೇಟಿ ಮುಂದೆ ಕೂತು ಒಂದು ಹಾಡು ಕೂಡಿಸಿಕೊಟ್ಟರು. ಅವ್ವನ ಹಾಡೇ. ಹುಡುಗರು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡರು, ಮರುವಾರ ಯೌವನಸ್ಥರ ಕೂಟದಲ್ಲಿ ಹಾಡಿದರಂತೆ, ಸ್ವಲ್ಪ ಸ್ಪೀಡಾಗಿ.

ನಾನು ಈಗ ವಾರಕ್ಕೆ ಮೂರು ದಿನ ಹೈದರಾಬಾದ್, ಉಳಿದದ್ದು ಬೀದರ್. ಶನಿವಾರ ಮಧ್ಯಾಹ್ನ ಒಂದು ಸ್ಪ್ರೆಡ್‌ಶೀಟ್ ತೆರೆದು ಕೂರುತ್ತೇನೆ. ಮೊದಲ ಕಾಲಮ್ಮಿನಲ್ಲಿ ಹಾಡಿನ ಮೊದಲ ಸಾಲು, ಎರಡನೆಯದರಲ್ಲಿ ಭಾಷೆ, ಮೂರನೆಯದರಲ್ಲಿ ಯಾರಿಂದ ಕಲಿತದ್ದು, ನಾಲ್ಕನೆಯದರಲ್ಲಿ ಅಪ್ಪ ಹೇಳುವ ಸರಿಗಮ. ಎರಡನೇ ಕಾಲಮ್ಮಿಗೆ ಬಂದಾಗ ಜಗಳ ಶುರು. ಇದು ಕನ್ನಡ ಅಂತ ಅಪ್ಪ, ಮರಾಠಿ ಅಂತ ಅವ್ವ. ಸದ್ಯಕ್ಕೆ ಅಲ್ಲಿ "ನಮ್ಮದು" ಅಂತ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ 41 ಹಾಡು ಆಗಿವೆ. ಅದರಲ್ಲಿ 17 ಅವ್ವನವು. 23ನೆಯದರ ಎರಡನೇ ಚರಣ ಅವಳಿಗೆ ಮರೆತುಹೋಗಿದೆ, ಔರಾದದಲ್ಲಿರುವ ಅವಳ ದೊಡ್ಡಕ್ಕನಿಗೆ ಬರಬಹುದಂತೆ. ದೊಡ್ಡಮ್ಮನಿಗೆ ಫೋನಿನಲ್ಲಿ ಕಿವಿ ಸರಿಯಾಗಿ ಕೇಳುವುದಿಲ್ಲ, ಆ ಊರಿಗೆ ರೈಲೂ ಇಲ್ಲ. ಜೋಳದ ರಾಶಿ ಮುಗಿದ ಮೇಲೆ ಕಾರು ಮಾಡಿಕೊಂಡು ಹೋಗೋದು ಅಂತ ಆಗಿದೆ. ಪೇಟಿಯನ್ನ ಡಿಕ್ಕಿಯಲ್ಲಿ ಇಡೋದು ಬೇಡ, ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ ಅಂತ ಅವ್ವ ಈಗಲೇ ಹೇಳಿಟ್ಟಿದ್ದಾಳೆ.